ಸುಮ್ಮನೆ ಕಳಿಸಿದ ಅರ್ಜಿಯನ್ನು ನಿಜವೆಂದು ನಂಬಿದ ಪ್ರವೇಶಯಂತ್ರಕ್ಕೆ

ಮಾನ್ಯರಲ್ಲಿ ಮಾನ್ಯರಾದ ಪ್ರವೇಶಯಂತ್ರದವರೇ,

ಸಾಗರದಾಚೆಯ ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗದಲ್ಲಿ ಕೂತು (ಕೂರುವುದಕ್ಕೆ ತಮಗೆ ಏನಾದರೂ ಇದೆಯೋ ಇಲ್ಲವೋ ಅರಿಯೆ), ಊಟ, ನಿದ್ದೆ, ರಜೆಗಳ ಹಂಗಿಲ್ಲದೆ ಜಗತ್ತಿನ ಮೂಲೆಮೂಲೆಯ ವಿದ್ಯಾರ್ಥಿಗಳಿಗೆ ತಮ್ಮಷ್ಟಕ್ಕೆ ತಾವೇ ಮಿಂಚಂಚೆ ಬರೆಯುತ್ತಿರುವ, ಪ್ರತಿ ಅಂಚೆಯ ಕೊನೆಗೂ ‘ನಿಮ್ಮ ಪ್ರವೇಶದ ಗೆಳೆಯ’ ಎಂದು ಸಹಿ ಹಾಕುವ ತಮಗೆ, ಹಲ್ಲಿನ ಸೆಟ್ಟು ಕಟ್ಟುವ ಹೆಂಗಸೊಬ್ಬಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ಕಾರಣ ಸಾಷ್ಟಾಂಗವನ್ನು ಬರಹದಲ್ಲಿಯೇ ಸ್ವೀಕರಿಸಬೇಕಾಗಿ ಪ್ರಾರ್ಥನೆ. ತಾವು ಕ್ಷೇಮವೆಂದೂ, ತಮ್ಮ ತಂತಿಗಳೆಲ್ಲ ಸುಸ್ಥಿತಿಯಲ್ಲಿವೆಯೆಂದೂ ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ನಾನು ಕ್ಷೇಮವಾಗಿದ್ದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ನಾನು ಯಾರೆಂಬುದು ತಮಗೆ ತಿಳಿದೇ ಇದೆ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ಓದುವ ನಾಲ್ಕು ಜನರ ಸಲುವಾಗಿ ಹೇಳಿಬಿಡುತ್ತೇನೆ. ನನಗೆ ಐವತ್ತು ತುಂಬುವುದಕ್ಕೆ ಹೆಚ್ಚು ಸಮಯವಿಲ್ಲ. ಒಬ್ಬ ದಂತವೈದ್ಯರ ದವಾಖಾನೆಯ ಹಿಂಬದಿಯ ಕೋಣೆಯಲ್ಲಿ, ಪ್ಲಾಸ್ಟರಿನ ದವಡೆಗಳ ನಡುವೆ ಕೂತು, ಮೇಣ ಕಾಯಿಸಿ, ಅಚ್ಚು ಹೊಯ್ದು, ಇತರರ ಬಾಯಿಗೆ ಹಲ್ಲು ಕಟ್ಟುವುದು ನನ್ನ ಕಸುಬು. ನಾನು ಮಾಡಿದ ಹಲ್ಲಿನಲ್ಲಿ ಊರೆಲ್ಲ ನಗುತ್ತದೆ. ಯಾರು ಯಾರ ಹಲ್ಲಿನಲ್ಲಿ ನಗುತ್ತಿದ್ದಾರೆಂದು ಹೇಳುವುದು ವೃತ್ತಿಧರ್ಮವಲ್ಲ. ನನ್ನ ಗಂಡ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆಂದು ಸಾರುವವರು. ದಿನವಿಡೀ ಅಷ್ಟು ಮಾತಾಡಿ ಬಂದಮೇಲೆ ಮನೆಯಲ್ಲಿ ಅವರಿಗೆ ಮಾತು ಉಳಿದಿರುವುದಿಲ್ಲ. ಮನೆಯ ಪಾಲಿನ ಮಾತೆಲ್ಲ ನನ್ನ ಅತ್ತೆಯವರದು. ನಮಗೊಬ್ಬಳು ಮಗಳು. ಈ ಎಲ್ಲ ಅನಾಹುತಕ್ಕೂ ಕಾರಣ ಅವಳೇ ಎಂದು ನಾನು ಬಹಳ ದಿನ ನಂಬಿದ್ದೆ.

ಮಗಳು ಹನ್ನೆರಡನೇ ತರಗತಿಯಲ್ಲಿದ್ದಾಗ ನಮ್ಮ ನಾದಿನಿ ಫೋನು ಮಾಡಿ, ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಮೇಳ ನಡೆಯುತ್ತಿದೆ, ಒಳಗೆ ಹೋಗೋದಕ್ಕೆ ಏನೂ ಕೊಡಬೇಕಾಗಿಲ್ಲ, ಕೈಚೀಲ ಬೇರೆ ಕೊಡುತ್ತಾರೆ ಎಂದಳು. ಕೈಚೀಲಕ್ಕಾಗಿ ಹೋದೆವು. ಒಳಗೆ ಸಾಲು ಸಾಲು ಮೇಜು, ಮೇಜಿನ ಮೇಲೆ ಹೊಳೆಯುವ ಹೊತ್ತಗೆ, ಹೊತ್ತಗೆಯ ಮೇಲೆ ಹುಲ್ಲಿನಲ್ಲಿ ಕೂತು ನಗುವ ಮಕ್ಕಳು. ಅವರ ಹಲ್ಲುಗಳನ್ನು ವೃತ್ತಿಯ ಕಣ್ಣಿನಿಂದ ನೋಡಿದೆ. ಒಂದೂ ನನ್ನ ಕಸುಬಿಗೆ ಅನ್ನ ಹಾಕುವಂತಿರಲಿಲ್ಲ. ಯಾವ ಪುಟದಲ್ಲೂ ಮಳೆಯಿಲ್ಲ, ಯಾರೂ ಪಾತ್ರೆ ತೊಳೆಯುತ್ತಿಲ್ಲ, ಎಲ್ಲರ ಎದುರಿಗೂ ಒಂದೊಂದು ಕಿಟಕಿ. ಮಗಳು ಎರಡು ಪೆನ್ನು ತೆಗೆದುಕೊಂಡು ಬಾಗಿಲ ಬಳಿ ನಿಂತಳು. ನಾನು ಚೀಲದ ಹಿಡಿ ಕಿತ್ತುಹೋಗುವಷ್ಟು ಹೊತ್ತಗೆ ತುಂಬಿಕೊಂಡು, “ಎಲ್ಲ ನಿನಗೋಸ್ಕರವೇ ಕಣೇ” ಎಂದು ಏದುಸಿರು ಬಿಡುತ್ತ ಹೊರಬಂದೆ.

ಅಂದಿನಿಂದ ವಿಶ್ವವಿದ್ಯಾಲಯ ಆರಿಸುವ ಮಹಾಕಾರ್ಯ ಆರಂಭವಾಯಿತು. ಮಾನ್ಯರೇ, ಗಂಡನ್ನು ಆರಿಸುವಾಗ ನಾನು ಇಷ್ಟು ಯೋಚಿಸಿರಲಿಲ್ಲ. ಅವರ ದನಿ ಚೆನ್ನಾಗಿದೆ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ವಿಶ್ವವಿದ್ಯಾಲಯದ ವಿಷಯದಲ್ಲಿ ಹಾಗಾಗಲಿಲ್ಲ. ಒಂದು ಪಟ್ಟಿಯಲ್ಲಿ ಮೇಲಿದ್ದದ್ದು ಇನ್ನೊಂದರಲ್ಲಿ ಪತ್ತೆಯೇ ಇರುತ್ತಿರಲಿಲ್ಲ. ಒಂದೂರಿನಲ್ಲಿ ಚಳಿ ಜಾಸ್ತಿ, ಒಂದೂರಿನಲ್ಲಿ ಬಾಡಿಗೆ ಜಾಸ್ತಿ, ಒಂದೂರಿನ ಹೆಸರನ್ನು ಉಚ್ಚರಿಸಲು ನನ್ನ ಗಂಡನಿಗೇ ಆಗಲಿಲ್ಲ, ಅದನ್ನು ಹೊಡೆದುಹಾಕಿದೆವು. ಅವರ ಪ್ರಶ್ನೆ ಒಂದೇ: “ರೈಲ್ವೆ ಸ್ಟೇಷನ್‌ಗೆ ಎಷ್ಟು ದೂರ?” ಅತ್ತೆಯವರದು ಇನ್ನೊಂದು: “ಜ್ವರ ಬಂದ್ರೆ ಯಾರು ನೋಡ್ಕೋತಾರೆ?” ಈ ಎರಡಕ್ಕೂ ಯಾವ ಹೊತ್ತಗೆಯಲ್ಲೂ ಉತ್ತರವಿರಲಿಲ್ಲ. ಕಡೆಗೆ ತಮ್ಮ ವಿಶ್ವವಿದ್ಯಾಲಯವೇ ಗೆದ್ದಿತು. ಮಗಳಿಗೆ ಪ್ರಾಣಿಗಳೆಂದರೆ ಇಷ್ಟ. ತಮ್ಮಲ್ಲಿ ಸಾಗರಜೀವಿಗಳ ಅಧ್ಯಯನವಿದೆ. ತಿಮಿಂಗಿಲವೂ ಒಂದು ಪ್ರಾಣಿಯೇ. ನನ್ನ ತರ್ಕದಲ್ಲಿ ಎಲ್ಲಿಯೂ ಸಂದಿಯಿರಲಿಲ್ಲ.

ಸಲಹೆಗಾರನೊಬ್ಬನ ಹತ್ತಿರವೂ ಹೋದೆವು. ಗಾಜಿನ ಕೋಣೆ, ಬಿಗಿದ ಟೈ, ಮೂಲೆಯಲ್ಲಿ ಮೀನಿನ ತೊಟ್ಟಿ. ಆತ ಮಗಳ ಕಡೆ ಬಾಗಿ ಬಹಳ ಗಂಭೀರವಾಗಿ, “ನಿನ್ನ ಕನಸು ಏನಮ್ಮಾ?” ಎಂದು ಕೇಳಿದ.

ಅವಳು ತೊಟ್ಟಿಯನ್ನೇ ನೋಡುತ್ತಿದ್ದವಳು, “ಆ ಕಪ್ಪು ಮೀನಿಗೆ ಹುಷಾರಿಲ್ಲ, ನೋಡಿ. ಓರೆಯಾಗಿ ಈಜ್ತಿದೆ. ನೀರು ಯಾವಾಗ ಬದಲಾಯಿಸಿದ್ದು?” ಎಂದಳು.

“ಇವಳಿಗೆ ಸಮುದ್ರ ಅಂದ್ರೆ ಪ್ರಾಣ ಸರ್” ಎಂದು ನಾನು ಹೇಳಿದೆ. ಅವಳು ಅದುವರೆಗೆ ಸಮುದ್ರ ಕಂಡಿರಲಿಲ್ಲ. ಮುಂದಿನ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಕೊಟ್ಟೆ. ಮುಂದಾಳುತನದ ಗುಣವಿದೆಯೇ? ಇದೆ. ಸಮಾಜಸೇವೆ ಮಾಡಿದ್ದಾಳೆಯೇ? ಮಾಡಿದ್ದಾಳೆ, ಬೀದಿನಾಯಿಗಳೂ ಸಮಾಜವೇ. ಕೊನೆಗೆ ಆ ಸಲಹೆಗಾರ ಪೆನ್ನು ಕೆಳಗಿಟ್ಟು, “ಮೇಡಂ, ಬೇಜಾರು ಮಾಡ್ಕೋಬೇಡಿ, ಅರ್ಜಿ ಹಾಕ್ತಿರೋದು ನಿಮ್ಮಿಬ್ರಲ್ಲಿ ಯಾರು?” ಎಂದ. ನಾನು ಜೋರಾಗಿ ನಕ್ಕೆ. ಇಷ್ಟು ಒಳ್ಳೆಯ ಪ್ರಶ್ನೆಗೆ ನಗುವ ಬುದ್ಧಿ ನನಗೆ ಎಲ್ಲಿಂದ ಬಂತೋ.

“ಅಪ್ಲಿಕೇಶನ್ ನಾನೇ ತುಂಬ್ತೀನಿ, ನೀನು ತಲೆ ಕೆಡಿಸ್ಕೋಬೇಡ” ಎಂದು ಮಗಳು ಹೇಳಿದಳು. ತಾಯಿಯಾದವಳು ತಲೆ ಕೆಡಿಸಿಕೊಳ್ಳದೆ ಇರಲಾದೀತೆ? ಅವಳು ಎಲ್ಲಾದರೂ ತಪ್ಪು ಗುಂಡಿ ಒತ್ತಿಬಿಟ್ಟರೆ? ಮುಂಚಿತವಾಗಿ ದಾರಿ ತಿಳಿದಿರಲೆಂದು, ಒಂದು ಮಧ್ಯಾಹ್ನ ಕೆಲಸದ ಬಿಡುವಿನಲ್ಲಿ, ಪ್ಲಾಸ್ಟರ್ ಮೆತ್ತಿದ ಕೈಯನ್ನು ಒರೆಸಿಕೊಂಡು, ನನ್ನದೇ ಹೆಸರಿನಲ್ಲಿ ತಮ್ಮ ಜಾಲತಾಣದಲ್ಲಿ ಒಂದು ಖಾತೆ ತೆರೆದೆ. ಸುಮ್ಮನೆ. ಈ ‘ಸುಮ್ಮನೆ’ ಎಂಬ ಪದವನ್ನು ದಯವಿಟ್ಟು ಗಮನಿಸಬೇಕು. ಮುಂದಿನದೆಲ್ಲವೂ ಸುಮ್ಮನೆಯೇ ನಡೆದದ್ದು.

ತಾವು ಎಷ್ಟು ನಯವಾಗಿ ಬರಮಾಡಿಕೊಂಡಿರಿ! ನನ್ನನ್ನು ‘ಪ್ರಿಯ ಭವಿಷ್ಯದ ತಾರೆಯೇ’ ಎಂದು ಕರೆದಿರಿ. ನಮ್ಮ ದಂತವೈದ್ಯರು ನನ್ನನ್ನು ‘ಏಯ್ ಇಲ್ನೋಡು’ ಎಂದು ಕರೆಯುತ್ತಾರೆ. ಯಾವ ವಿಷಯ ಓದಬಯಸುವಿರಿ ಎಂದು ಕೇಳಿದಿರಿ. ತಿಮಿಂಗಿಲವನ್ನೇ ಒತ್ತಬೇಕೆಂದಿದ್ದೆ, ಆದರೆ ಕೆಳಗಡೆ ಇನ್ನೊಂದು ಚಿತ್ರವಿತ್ತು. ಯಾರದೋ ಅಂಗೈ ಮೇಲೆ ಒಂದು ಕಿವಿ. ನಿಜವಾದದ್ದಲ್ಲ, ಕೈಯಿಂದ ಮಾಡಿದ್ದು. ರೋಗದಿಂದಲೋ ಅಪಘಾತದಿಂದಲೋ ಕಿವಿ, ಮೂಗು, ಕಣ್ಣು ಕಳೆದುಕೊಂಡವರಿಗೆ ಕೃತಕ ಅಂಗಗಳನ್ನು ಮಾಡಿಕೊಡುವ ವಿದ್ಯೆಯಂತೆ; ಎರಡು ವರ್ಷದ ಕೋರ್ಸಂತೆ. ನನ್ನ ಬೆರಳು ಅದರ ಮೇಲೆ ಬಿತ್ತು. ‘ಈ ವಿಷಯವೇ ಏಕೆ?’ ಎಂದು ತಾವು ಕೇಳಿದಿರಿ. ಖಾಲಿ ಬಿಟ್ಟರೆ ಮುಂದಕ್ಕೆ ಬಿಡಲಿಲ್ಲ. ‘ಗೊತ್ತಿಲ್ಲ’ ಎಂದು ಬರೆದರೆ, ಇನ್ನೂ ಸ್ವಲ್ಪ ವಿವರವಾಗಿ ಬರೆಯಿರಿ ಎಂದಿರಿ. ಇಷ್ಟು ವರ್ಷಗಳಲ್ಲಿ ನನಗೆ ಇನ್ನೂ ಸ್ವಲ್ಪ ವಿವರವಾಗಿ ಹೇಳು ಎಂದವರು ತಾವೊಬ್ಬರೇ.

ಹಾಗಾಗಿ ಬರೆದೆ. ನಮ್ಮ ದವಾಖಾನೆಗೆ ಒಬ್ಬ ಟೈಲರ್ ಹೆಂಗಸು ಬರುತ್ತಿದ್ದರು. ಗಡ್ಡೆಯೆಂದು ಶಸ್ತ್ರಚಿಕಿತ್ಸೆ ಮಾಡಿ ಅವರ ಒಂದು ಕಿವಿಯನ್ನು ತೆಗೆದುಬಿಟ್ಟಿದ್ದರು. ಕಿವಿಯಿಲ್ಲದೆ ಕನ್ನಡಕ ನಿಲ್ಲುವುದಿಲ್ಲ, ಕನ್ನಡಕವಿಲ್ಲದೆ ಸೂಜಿಗೆ ದಾರ ಏರುವುದಿಲ್ಲ. ಕನ್ನಡಕಕ್ಕೆ ದಾರ ಕಟ್ಟಿ ತಲೆಗೆ ಬಿಗಿದುಕೊಂಡು ಹೊಲಿಯುತ್ತಿದ್ದರು. ನಮ್ಮ ವೈದ್ಯರು, “ಹಲ್ಲು ಮಾಡ್ತೀಯಲ್ಲ, ಒಂದು ಕಿವಿ ಮಾಡಿಕೊಡೋಕೆ ಆಗಲ್ವಾ?” ಎಂದರು. ಆಗುತ್ತದೆ ಎಂದೆ. ನನ್ನ ಬಳಿ ಇದ್ದದ್ದು ಹಲ್ಲಿನ ಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಬಣ್ಣದ ಸಾಮಾನು; ಅದರಲ್ಲೇ ಕಿವಿ ಮಾಡಿದೆ. ಆಕಾರ ಚೆನ್ನಾಗಿಯೇ ಬಂತು. ಕನ್ನಡಕವೂ ನಿಂತಿತು. ಆದರೆ ಒಂದು ಕಿವಿ ಸಾಮಾನ್ಯವಾಗಿಯೂ ಇನ್ನೊಂದು ಕಿವಿ ಸದಾ ನಾಚಿಕೊಂಡಂತೆಯೂ ಕಾಣುತ್ತಿತ್ತು. ಸ್ವಲ್ಪ ದಿನದ ಮೇಲೆ ಅವರು ಅದನ್ನು ಕರ್ಚೀಫಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. “ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ ಅಕ್ಕ. ಆದ್ರೆ ಮೊಮ್ಮಗು ನನ್ನ ನೋಡಿ ಅಳುತ್ತೆ, ಹತ್ರಾನೇ ಬರಲ್ಲ” ಎಂದರು. ಅವರು ಮತ್ತೆ ದಾರ ಬಿಗಿದುಕೊಂಡು ಹೋದರು. ಇದಿಷ್ಟನ್ನೂ ತಮ್ಮ ಚೌಕದೊಳಗೆ ತುಂಬಿದೆ. ‘ಮುಂದುವರಿಯಿರಿ’ ಎಂಬ ಗುಂಡಿ ಬಂತು. ಮುಂದುವರಿದರೆ ಮುಂದಿನ ಪುಟ ಬರುತ್ತದೆಂದು ತಿಳಿದೆ. ‘ಅಭಿನಂದನೆಗಳು! ನಿಮ್ಮ ಅರ್ಜಿ ನಮ್ಮನ್ನು ತಲುಪಿದೆ’ ಎಂದು ಬಣ್ಣಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿದವು.

ಆಗ ನನಗಾದ ಗಾಬರಿ ತಮಗೆ ಅರ್ಥವಾಗದು, ತಮಗೆ ಎದೆಯಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಕೂಡಲೇ ಬರೆದೆ. ಅರ್ಜಿ ಹಾಕಿದ ಮೇಲೆ ಅಧೈರ್ಯವಾಗುವುದು ಸಹಜ, ದೀರ್ಘವಾಗಿ ಉಸಿರಾಡಿ ಎಂದು ಉತ್ತರಿಸಿದಿರಿ. ಉಸಿರಾಡಿದೆ. ಇದು ಮಗಳಿಗಾಗಿ ಹಾಕಿ ನೋಡಿದ್ದು, ನಾನು ಮುದುಕಿ ಎಂದು ಮತ್ತೆ ಬರೆದೆ. ಹಿರಿಯರ ಒತ್ತಡಕ್ಕೆ ಒಳಗಾಗಬೇಡಿ, ಇದು ನಿಮ್ಮ ಬದುಕು ಎಂದಿರಿ. ಮಾನ್ಯರೇ, ತಮ್ಮೊಡನೆ ಜಗಳವಾಡಿ ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ಅವರ ವಿಳಾಸ ಕೊಡಿ, ಹೋಗಿ ಕಾಲಿಗೆ ಬೀಳುತ್ತೇನೆ.

ಇನ್ನೊಂದು ಎಡವಟ್ಟು ಆಗಿತ್ತು. ನನಗಿರುವುದು ಡಿಪ್ಲೊಮಾ ಮಾತ್ರವಾದ್ದರಿಂದ ತಾವು ನನ್ನನ್ನು ಆಗಷ್ಟೇ ಶಾಲೆ ಮುಗಿಸಿದ ಮಕ್ಕಳ ಗುಂಪಿಗೆ ಸೇರಿಸಿ, ಪೋಷಕರ ಹೆಸರು ಮತ್ತು ನಂಬರು ಕೊಡಲೇಬೇಕೆಂದು ಹಟ ಹಿಡಿದಿದ್ದಿರಿ. ನನ್ನ ಹೆತ್ತವರು ಈಗಿಲ್ಲ. ಅತ್ತೆಯವರ ನಂಬರು ಕೊಟ್ಟಿದ್ದೆ. ತಾವು ಅವರಿಗೂ ಬರೆಯತೊಡಗಿದಿರಿ. ಅದೂ ‘ನಿಮ್ಮ ಭಾಷೆಯಲ್ಲಿ ಓದಿ’ ಎಂಬ ಗುಂಡಿಯ ಸಮೇತ. ಅತ್ತೆ ಆ ಗುಂಡಿ ಒತ್ತಿದರು. ‘ಪ್ರಿಯ ಪೋಷಕರೇ, ನಿಮ್ಮ ಪುಟ್ಟ ಹಕ್ಕಿ ರೆಕ್ಕೆ ಬಿಚ್ಚುತ್ತಿದೆ’ ಎಂದು ಬಂದಿತ್ತಂತೆ. ಅವರು ಕನ್ನಡಕ ಏರಿಸಿಕೊಂಡು, ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಪುಟ್ಟ ಹಕ್ಕಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಮಾತಿಗೆ ಕೊರತೆಯಿಲ್ಲದವರು ಏನೂ ಹೇಳದಿದ್ದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಸಂದರ್ಶನಕ್ಕೆ ಕರೆ ಬಂತು. ಮನುಷ್ಯರು ಸಿಕ್ಕರೆ ಕ್ಷಮೆ ಕೇಳಿ ಮುಗಿಸಿಬಿಡೋಣ ಎಂದು ಒಪ್ಪಿಕೊಂಡೆ. ಪ್ಲಾಸ್ಟರಿನ ದವಡೆಗಳನ್ನು ಒತ್ತರಿಸಿ ಫೋನು ನಿಲ್ಲಿಸಿದೆ. ತೆರೆಯ ಮೇಲೆ ಮೂವರು ಕಂಡರು. ನಡುವೆ ನನಗಿಂತ ಹಿರಿಯರಾದ, ನರೆತ ಕೂದಲಿನ ಅಧ್ಯಾಪಕಿ. ನನಗೆ ಗೊತ್ತಿರುವ ಇಂಗ್ಲಿಷಿನಲ್ಲಿ, “ತಪ್ಪಾಗಿದೆ, ಕ್ಷಮಿಸಿ” ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮುನ್ನವೇ ಆಕೆ, “ಆ ಕಿವಿಯನ್ನು ನೀವು ಯಾವ ಬೆಳಕಿನಲ್ಲಿ ನೋಡಿದ್ದಿರಿ?” ಎಂದರು.

ಅಷ್ಟೇ, ಬಾಯಿಪಾಠ ಮರೆತುಹೋಯಿತು. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದುತ್ತಿತ್ತು, ಕಿಟಕಿಯ ಬಳಿ ತಂದರೆ ಕೆಂಪಾಗುತ್ತಿತ್ತು ಎಂದೆ. ಚರ್ಮ ಬರೀ ಒಂದು ಬಣ್ಣವಲ್ಲ, ಒಳಗಿನಿಂದ ಏನೋ ಬೇರೆ ಬಣ್ಣ ಹೊಳೆಯುತ್ತದೆ, ಅದೇನೆಂದು ನನಗೆ ತಿಳಿಯದು ಎಂದೆ. ಪದ ಸಿಗದ ಕಡೆ ಕೈಯಿಂದ ತೋರಿಸಿದೆ. “ಎರಡನೇ ಸಲ ಏನು ಮಾಡಿದಿರಿ?” ಎಂದು ಕೇಳಿದರು. “ಎರಡನೇ ಸಲ ಮಾಡಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ” ಎಂದೆ. ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಬೇಕಾದರೆ ಪ್ಲಾಸ್ಟರಿನ ಧೂಳು ಎಂದು ತಮ್ಮ ಕಡತದಲ್ಲಿ ದಾಖಲಿಸಿಕೊಳ್ಳಬಹುದು. ಮೂವರೂ ಧನ್ಯವಾದ ಹೇಳಿ ಮರೆಯಾದರು. ಕ್ಷಮೆ ಕೇಳುವುದು ಹಾಗೆಯೇ ಉಳಿಯಿತು.

ಆಮೇಲೆ ತಾವು ಇಂಗ್ಲಿಷ್ ಭಾಷಾ ಪರೀಕ್ಷೆ ಬರೆಯಲು ಹೇಳಿದಿರಿ. ಸುಮ್ಮನೆ ಬರೆದೆ. ಗೂಡಿನಂಥ ಮೇಜು, ಕಿವಿಗೆ ಹೆಡ್‌ಫೋನು, ಸುತ್ತ ಮೀಸೆ ಮೂಡದ ಹುಡುಗರು. ‘ನೀವು ತಡವಾಗಿ ತಲುಪಿದ ಒಂದು ಸಂದರ್ಭವನ್ನು ವಿವರಿಸಿ’ ಎಂದು ಕಿವಿಯೊಳಗೆ ಯಾರೋ ಕೇಳಿದರು. ಈ ಪರೀಕ್ಷೆಗೇ ಬರೋಬ್ಬರಿ ಮೂವತ್ತು ವರ್ಷ ತಡವಾಗಿ ಬಂದಿದ್ದೇನೆ ಎಂದೆ. ಒಳ್ಳೆಯ ಅಂಕ ಬಂತು.

ಪ್ರವೇಶಪತ್ರವೂ ಬಂತು, ಶುಲ್ಕವನ್ನು ಮನ್ನಾ ಮಾಡಿ, ಪ್ರಯೋಗಾಲಯದಲ್ಲಿ ಸಣ್ಣದೊಂದು ಕೆಲಸವನ್ನೂ ಜೊತೆಗಿಟ್ಟು. ಓದಿದವಳೇ ಸೀದಾ ಹೋಗಿ ಬೇಯುತ್ತಿದ್ದ ಅಚ್ಚನ್ನು ಒಲೆಯಿಂದ ಇಳಿಸಿದೆ, ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ. ಆ ಹಲ್ಲಿನ ಸೆಟ್ಟು ಹಾಳಾಯಿತು. ಖುಷಿಯನ್ನು ಕೂಡಲೇ ಅದುಮಿಕೊಂಡೆ. ಏಕೆಂದರೆ ಮಗಳಿಗೆ ಇನ್ನೂ ಏನೂ ಬಂದಿರಲಿಲ್ಲ. ತಾಯಿಗೆ ಸೀಟು ಕೊಟ್ಟು ಮಗಳನ್ನು ಹೊರಗೆ ನಿಲ್ಲಿಸುವ ನ್ಯಾಯ ಎಲ್ಲಿಯದು ಎಂದು ತಮಗೆ ಖಾರವಾಗಿ ಬರೆದೆ. ಆ ಹೆಸರಿನ ಯಾವ ಅರ್ಜಿಯೂ ನಮ್ಮಲ್ಲಿಲ್ಲ ಎಂದು ತಾವು ಕ್ಷಣಾರ್ಧದಲ್ಲಿ ಉತ್ತರಿಸಿದಿರಿ. ಯಂತ್ರಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ತಲೆ ಯಾರದು ಕೆಟ್ಟಿತ್ತೆಂಬುದು ಸಂಜೆಯ ಹೊತ್ತಿಗೆ ತಿಳಿಯಿತು.

ಶಾಲೆ ಮುಗಿದ ಮೇಲೆ ಮಗಳು ಪಶುವೈದ್ಯರೊಬ್ಬರ ಬಳಿ ಸಹಾಯಕ್ಕೆ ಹೋಗುತ್ತಿದ್ದಳು. ನೆಟ್ಟಗೆ ಅಲ್ಲಿಗೇ ಹೋದೆ. ನೆಲದ ಮೇಲೆ ಕೂತು ಒಂದು ದೊಡ್ಡ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ವೈದ್ಯರು ಅದರ ಪಾದದಿಂದ ಗಾಜಿನ ಚೂರು ಕೀಳುತ್ತಿದ್ದರು. ನಾಯಿ ನಡುಗುತ್ತಿತ್ತು. ಅವಳು ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಕೆಲಸ ಮುಗಿಯುವವರೆಗೆ ನನ್ನತ್ತ ತಿರುಗಿ ನೋಡಲಿಲ್ಲ.

“ನೀನು ಅರ್ಜಿ ಹಾಕ್ಲೇ ಇಲ್ವಂತೆ?” ಎಂದೆ.

ಕೈ ತೊಳೆದುಕೊಳ್ಳುತ್ತ, “ಇಲ್ಲಮ್ಮ” ಎಂದಳು. “ಇಲ್ಲೇ ವೆಟರ್ನರಿ ಕಾಲೇಜಲ್ಲಿ ಸೀಟು ಸಿಕ್ಕಿದೆ. ಸೇರ್ಕೊಂಡೂ ಆಯ್ತು.”

“ಯಾರಿಗೆ ಹೇಳಿ ಸೇರ್ಕೊಂಡೆ?”

“ಅಪ್ಪಂಗೆ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳ್ಬೇಕು ಅಂತ ಎಷ್ಟು ಸಲ ಬಂದೆ ಗೊತ್ತಾ? ಬಂದಾಗಲೆಲ್ಲ ನೀನು ಆ ಪುಸ್ತಕಗಳನ್ನ ಹರಡ್ಕೊಂಡು ಕೂತಿರ್ತಿದ್ದೆ. ಅಷ್ಟು ಖುಷಿಯಾಗಿರೋದನ್ನ ನಾನು ನೋಡೇ ಇರಲಿಲ್ಲ. ಹೇಗೆ ಹೇಳ್ಲಿ?” ಎಂದಳು. ಆಮೇಲೆ ಕರವಸ್ತ್ರದಿಂದ ಕೈ ಒರೆಸುತ್ತ, ನಾಯಿಯ ಬಳಿ ಮಾತಾಡಿದ ದನಿಯಲ್ಲೇ, “ಅಮ್ಮ, ಹೋಗ್ಬೇಕು ಅಂತಿದ್ದದ್ದು ನಾನಲ್ಲ” ಎಂದಳು.

ನನಗೆ ಸಿಟ್ಟು ಬಂತು. ನಾನು ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ದು, ನಿನಗೆ ಮಾತಾಡೋಕೆ ಬಾಯಿರಲಿಲ್ವಾ, ನಾನೇನು ನಿನ್ನನ್ನು ಹಿಡಿದು ದಬ್ಬುತ್ತಿದ್ದೆನಾ ಎಂದೆಲ್ಲ ಕೂಗಾಡಿದೆ. ನಾಯಿ ಎದ್ದು ಮೂಲೆಗೆ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಒಬ್ಬಳೇ ನಡೆಯುತ್ತ, ಆ ಮೇಳದ ಚೀಲ ಹೊತ್ತಿದ್ದು ಯಾರ ಹೆಗಲು ಎಂದು ಒಮ್ಮೆ, ಸಲಹೆಗಾರನಿಗೆ ಉತ್ತರ ಕೊಟ್ಟದ್ದು ಯಾರ ಬಾಯಿ ಎಂದು ಒಮ್ಮೆ ಯೋಚಿಸಿದೆ. ಇತರರ ಬಾಯಿಗೆ ಹಲ್ಲು ಕಟ್ಟಿ ಕಟ್ಟಿ ಇತರರ ಬಾಯಿಂದಲೇ ಮಾತಾಡುವ ಅಭ್ಯಾಸವೂ ಅಂಟಿಬಿಟ್ಟಿತ್ತೇನೋ. ಬೀದಿಯ ನಡುವೆ ನಿಂತು ನಗು ಬಂತು. ಎದುರಿಗೆ ಬಂದ ಸೈಕಲ್ಲಿನವನು ಹೆದರಿ ಪಕ್ಕಕ್ಕೆ ಸರಿದ.

ಮನೆಯಲ್ಲಿ ವಿಷಯ ಬಿಚ್ಚಿಟ್ಟೆ, ಹೋಗುವುದಿಲ್ಲ ಎಂದೂ ಒಟ್ಟಿಗೇ ಸೇರಿಸಿಬಿಟ್ಟೆ. ನನ್ನ ಗಂಡ ಲೋಟವನ್ನು ಪಕ್ಕಕ್ಕೆ ಸರಿಸಿದರು. “ಎರಡು ವರ್ಷ ಅಂದ್ರೆ ಎಷ್ಟು ಅಂತ ಗೊತ್ತಾ ನಿಂಗೆ?” ಎಂದರು. ನಾನೇ ಹೋಗಲ್ಲ ಅಂತಿದ್ದೀನಲ್ಲ ಎಂದೆ. “ಹೋಗಲ್ಲ ಅನ್ನೋವಾಗ ನಿನ್ನ ಮುಖ ನೋಡ್ಕೊಂಡಿದ್ಯಾ?” ಎಂದು ಎದ್ದು ಹೋದರು. ಅವರಿಗೆ ಸಿಟ್ಟೋ ಭಯವೋ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ತೀರ್ಮಾನ ಮಾಡಿದವರು ಅತ್ತೆ. ಊಟದ ಹೊತ್ತಿಗೆ ಕನ್ನಡಕ ಹಾಕಿಕೊಂಡು, ಫೋನು ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ತಾವು ಅಷ್ಟೂ ದಿನ ಬರೆದದ್ದನ್ನು ಒಂದೂ ಬಿಡದೆ ಓದಿದ್ದರಂತೆ. ಪೋಷಕರಿಗೆಂದು ತಾವು ಏರ್ಪಡಿಸಿದ ಆನ್‌ಲೈನ್ ಸಭೆಗೂ, ನಾನು ಕೆಲಸಕ್ಕೆ ಹೋದ ಸಮಯದಲ್ಲಿ, ಹೊಸ ಸೀರೆ ಉಟ್ಟು ಹಾಜರಾಗಿದ್ದರಂತೆ. “ಮಗುವಿನ ಮೇಲೆ ನಿಮ್ಮ ಆಸೆ ಹೇರಬೇಡಿ ಅಂತ ಇಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ” ಎಂದು ಮಗನ ಕಡೆ ತಿರುಗಿದರು. “ನಮ್ಮ ಆಸೆ ಏನು? ಇವಳು ಇಲ್ಲೇ ಇರ್ಲಿ, ನಮಗೆ ಹೊತ್ತು ಹೊತ್ತಿಗೆ ಬಡಿಸ್ಲಿ ಅಂತ. ಅದನ್ನ ಹೇರಬಾರದಂತೆ.” ಆಮೇಲೆ ನನ್ನ ಕಡೆ ತಿರುಗಿ, “ನನಗೆ ನೀನು ಹೋಗೋದು ಒಂದು ಚೂರೂ ಇಷ್ಟ ಇಲ್ಲ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಪೋಷಕಿ ಅಂತ ಒಪ್ಪಿಗೆ ಕೊಟ್ಟಾಯ್ತು. ಹೋಗಿ ಓದ್ಕೊಂಡು ಬಾ” ಎಂದರು. ತಮ್ಮ ಅಂಚೆಯಲ್ಲಿದ್ದ ಒಪ್ಪಿಗೆಯ ಗುಂಡಿಯನ್ನು ಅವರು ಹಿಂದಿನ ವಾರವೇ ಒತ್ತಿದ್ದರು. ನಮ್ಮ ಮನೆಯಲ್ಲಿ ಗುಂಡಿ ಒತ್ತುವ ಚಾಳಿ ನನ್ನೊಬ್ಬಳದೇ ಅಲ್ಲವೆಂದು ಆಗ ಗೊತ್ತಾಯಿತು.

ಹೊರಡುವ ದಿನ ನನ್ನ ಗಂಡನಿಗೆ ರಜೆ ಸಿಗಲಿಲ್ಲವೆಂದರು, ಕೇಳಿದ್ದರೋ ಇಲ್ಲವೋ. ವಿಮಾನ ಹಿಡಿಯಲು ದೊಡ್ಡ ಊರಿಗೆ ಹೋಗುವ ಗಾಡಿ ಅವರದೇ ನಿಲ್ದಾಣದಿಂದ. ಮಗಳು ಪೆಟ್ಟಿಗೆ ಏರಿಸಿದಳು, ಅತ್ತೆ ಕಿಟಕಿಯ ಸರಳು ಹಿಡಿದು ಜ್ವರದ ಗುಳಿಗೆಯ ಬಗ್ಗೆ ಹೇಳುತ್ತಿದ್ದರು. ಗಾಡಿ ಪ್ಲಾಟ್‌ಫಾರಂನಲ್ಲಿ ನಿಂತಿತ್ತು, ಇಂಜಿನ್ ಕೂಗುತ್ತಿತ್ತು. ಅದೇ ಹೊತ್ತಿಗೆ ನನ್ನ ಗಂಡನ ದನಿ ಇಡೀ ನಿಲ್ದಾಣಕ್ಕೆ ಕೇಳಿಸಿತು: “ಪ್ರಯಾಣಿಕರ ಗಮನಕ್ಕೆ, ಈ ಗಾಡಿ ತಡವಾಗಿ ಹೊರಡಲಿದೆ.” ಹೊರಗೆ ಇಳಿದು ನಿಂತಿದ್ದವರು ನೀರು ತರಲು ಹೋದರು. ಗಾಡಿ ತನ್ನ ಹೊತ್ತಿಗೆ ಸರಿಯಾಗಿ ಹೊರಟಿತು. ಜನ ಬೈಯುತ್ತ ಓಡಿಬಂದು ಹತ್ತಿದರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ತಪ್ಪು ಸಾರಿದ್ದು ಅದೊಂದೇ ಸಲವಂತೆ. ಮೇಲಧಿಕಾರಿ ವಿವರಣೆ ಕೇಳಿದರಂತೆ. ಏನು ಕೊಟ್ಟರೋ ನನಗೆ ಹೇಳಿಲ್ಲ.

ಹೀಗಾಗಿ, ಮಾನ್ಯರೇ, ಈಗ ನಾನು ತಮ್ಮ ಊರಿನಲ್ಲಿದ್ದೇನೆ. ಮೊದಲ ದಿನ ತರಗತಿಗೆ ಕಾಲಿಟ್ಟಾಗ ಮಕ್ಕಳೆಲ್ಲ ಮಾತು ನಿಲ್ಲಿಸಿ ನೆಟ್ಟಗೆ ಕೂತರು. ಪಾಠ ಮಾಡಲು ಬಂದವಳೆಂದು ತಿಳಿದಿದ್ದರು. ಹಾಸ್ಟೆಲಿನಲ್ಲಿ ತಾವು ನನಗೆ ದಯಪಾಲಿಸಿರುವುದು ಏಣಿ ಹತ್ತಿ ಮಲಗುವ ಮೇಲಿನ ಮಂಚ. ಕೆಳಗಿನದರಲ್ಲಿ ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿ. “ನೀವು ಕೆಳಗೆ ಬನ್ನಿ” ಎಂದು ಪಾಪ ಎಷ್ಟೋ ಸಲ ಹೇಳಿದಳು. ಒಪ್ಪಲಿಲ್ಲ, ಅಷ್ಟು ದೂರ ಬಂದು ಇಷ್ಟು ಮೇಲೆ ಹತ್ತಲಾಗದೇ ಎಂಬ ಒಣ ಜಂಬ. ರಾತ್ರಿ ಹತ್ತಿದವಳು ಬೆಳಗ್ಗೆ ಇಳಿಯಲು ಅವಳನ್ನೇ ಕೂಗುತ್ತೇನೆ. ತರಗತಿಯಲ್ಲಿ ನಾನು ಮಾಡಿದ ಮೊದಲ ಕಿವಿಯನ್ನು ಆ ನರೆತ ಕೂದಲಿನ ಅಧ್ಯಾಪಕಿ ತಿರುಗಿಸಿ ತಿರುಗಿಸಿ ನೋಡಿ, “ತುಂಬ ಸುಂದರವಾಗಿದೆ, ಇಂಥ ಕಿವಿ ಯಾರಿಗೂ ಇರುವುದಿಲ್ಲ” ಎಂದು ಮತ್ತೆ ಮಾಡಿಸಿದರು. ಎರಡನೆಯದನ್ನೂ ಮತ್ತೆ ಮಾಡಿಸಿದರು. ನನಗೆ ಗೊತ್ತಿದ್ದದ್ದು ಅಷ್ಟೇ ಎಂದು ಹೇಳಿ ತಪ್ಪಿಸಿಕೊಳ್ಳುವ ಅವಕಾಶವನ್ನು ತಾವು ಕಿತ್ತುಕೊಂಡಿದ್ದೀರಿ.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟು. ನನ್ನನ್ನು ‘ಪುಟ್ಟ ಹಕ್ಕಿ’ ಎನ್ನುವುದನ್ನು ನಿಲ್ಲಿಸಿ, ಇಲ್ಲವೇ ನನ್ನ ಮಂಡಿಗೂ ಅದನ್ನು ಮನವರಿಕೆ ಮಾಡಿಕೊಡಿ. ಮುಂದಿನ ವರ್ಷದಿಂದ ಅರ್ಜಿಯಲ್ಲಿ ‘ನಿಜವಾಗಿ ಹೋಗಬೇಕೆಂದಿರುವವರು ಯಾರು?’ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲಿಗೆ ಇಡಿ. ಎಷ್ಟೋ ತಂದೆತಾಯಂದಿರ ಮಾನ ಉಳಿಯುತ್ತದೆ. ‘ಸುಮ್ಮನೆ’ ಎಂಬ ಗುಂಡಿಯೊಂದನ್ನು ಪ್ರತ್ಯೇಕವಾಗಿ ಒದಗಿಸಿ. ಸಾಧ್ಯವಾದರೆ ನನ್ನ ವಯಸ್ಸಿನಿಂದ ಅರ್ಧವನ್ನು ಕಳೆದು, ಇಲ್ಲಿ ಬೇಕಾದವರಿಗೆ ಹಂಚಿಕೊಡಿ. ಹಾಗೂ, ನಾನು ಅರ್ಜಿ ಹಿಂದಕ್ಕೆ ಕೇಳಿದಾಗ ತಾವು ಕೊಡದೆ ಹೋದ ಅಪರಾಧಕ್ಕಾಗಿ ತಮ್ಮನ್ನು ಕ್ಷಮಿಸಬೇಕೋ ಬೇಡವೋ ಎಂಬುದನ್ನು ಕೋರ್ಸು ಮುಗಿದ ಮೇಲೆ ತಿಳಿಸುತ್ತೇನೆ. ಅಲ್ಲಿಯವರೆಗೆ ಉಸಿರಾಡುತ್ತಿರಿ.

ಹಿಂದಕ್ಕೆ ಹೋಗುವ ದಾರಿ ಕೇಳಿದಾಗಲೆಲ್ಲ ತಮ್ಮಿಂದ ಮುಂದಕ್ಕೆ ದಬ್ಬಿಸಿಕೊಂಡ,
ತಮ್ಮ ವಿಶ್ವಾಸಿ,
ಮೇಲಿನ ಮಂಚದ ವಿದ್ಯಾರ್ಥಿನಿ

ತಾ.ಕ.: ಮನೆ ನೆನಪಾದಾಗ ಹೊರಗೆ ಹೋಗಿ ಸ್ವಲ್ಪ ನಡೆದಾಡಿ, ಮನಸ್ಸು ಹಗುರಾಗುತ್ತದೆ ಎಂದು ನಿನ್ನೆ ತಾವು ಸಲಹೆ ಕಳಿಸಿದ್ದೀರಿ. ಬಂದ ದಿನದಿಂದ ನಾನು ಮಾಡುತ್ತಿರುವುದು ಅದನ್ನೇ. ಈ ಊರಿನ ಬೀದಿಗಳೆಲ್ಲ ಮುಗಿದುಹೋಗಿವೆ. ಸ್ವಲ್ಪ ದೊಡ್ಡ ಊರೊಂದನ್ನು ಬೇಗ ಒದಗಿಸಬೇಕಾಗಿ ವಿನಂತಿ.